ಹಗೇವಿನ ಏಣಿ

"ಅಜ್ಜಾರೇ, ನಾನು ಪ್ರಾಮಾಣಿಕ. ಅಷ್ಟು ಸಾಲದೇ?"

ಮುರಿಗೇಶ ಕೇಳಿದ್ದು ಇಷ್ಟೇ. ಅವನು ಗುಡ್ಡದ ಮಠದ ಅಜ್ಜನವರ ಹಳೆಯ ಶಿಷ್ಯ. ಕೇಳುವುದಕ್ಕೆ ಮುಂಚೆ ಸಂಗತಿಯನ್ನೆಲ್ಲ ಹೇಳಿಕೊಂಡಿದ್ದ. ಕಂಪ್ಯೂಟರಿನಲ್ಲಿ ಅವನೊಂದು ಹೊಸ ಟೋಕನ್ ಹುಟ್ಟಿಸಿದ್ದ. ಕಣ್ಣಿಗೆ ಕಾಣುವ, ಕೈಗೆ ಸಿಗುವ ನಾಣ್ಯವಲ್ಲ ಅದು. ಜನ ಅದನ್ನು ಬೇಕೆಂದಾಗ ಕೊಳ್ಳಬೇಕು, ಬೇಡವೆಂದಾಗ ಮಾರಬೇಕು ಎಂದರೆ ಮೊದಲು ಒಂದು ಪೂಲ್ ಕಟ್ಟಬೇಕು. ಪೂಲ್ ಎಂದರೆ ಎಲ್ಲರಿಗೂ ಸೇರಿದ ಭಂಡಾರ. ಅದರಲ್ಲಿ ಅರ್ಧ ಅವನ ಟೋಕನ್, ಇನ್ನರ್ಧ ಜನರ ನಿಜವಾದ ದುಡ್ಡು. ಸೋಮವಾರ ಅದು ತೆರೆಯುವುದಿತ್ತು. ಭಂಡಾರವನ್ನು ಒಮ್ಮೆಗೇ ಬರಿದು ಮಾಡಬಲ್ಲ ಕೀಲಿ ಒಂದೇ ಒಂದು, ಪೆನ್‌ಡ್ರೈವಿನಂಥದ್ದು, ಬೆರಳುದ್ದದ್ದು. ಅದು ಮುರಿಗೇಶನ ಹತ್ತಿರ ಇತ್ತು. ಮನಸ್ಸು ಮಾಡಿದರೆ ತನ್ನ ಕೈಯಿಂದಲೂ ತೆಗೆಯಲು ಬಾರದಂತೆ ಅವನು ಪೂಲ್‌ಗೆ ಬೀಗ ಹಾಕಬಹುದಿತ್ತು. ಹಾಕಿರಲಿಲ್ಲ. ನಾನು ಮುಟ್ಟುವವನೇ ಅಲ್ಲ, ಮತ್ತೇಕೆ ಬೀಗ ಎಂಬುದು ಅವನ ಮಾತು.

ದುಡ್ಡು ಯಾರದು ಎಂದು ಅಜ್ಜನವರು ಕೇಳಿದರು. ಬಹಳ ಜನರದು ಎಂದ. ಮೊದಲು ಹಾಕಿದವನು ಗೆಳೆಯ ಅಡಿವೆಪ್ಪ. ಹೊಟ್ಟೆ ಹೊರೆಯುತ್ತಿದ್ದ ಟೆಂಪೊ ಮಾರಿ ಹಾಕಿದ್ದಾನೆ. ಅವನನ್ನು ನೋಡಿ ಉಳಿದವರು ಹಾಕಿದರು. ಅಡಿವೆಪ್ಪ ಈಗ ಎಲ್ಲಿ ಎಂದು ಕೇಳಿದರು. ಕೆಳಗೆ ಮೆಟ್ಟಿಲ ಬುಡದಲ್ಲಿ ಕೂತಿದ್ದಾನೆ ಎಂದ. ಗುಡ್ಡ ಹತ್ತುವವರು ಇದ್ದುದನ್ನೆಲ್ಲ ಬುಡದಲ್ಲಿಯೇ ಬಿಟ್ಟು ಬರಿಗೈಯಲ್ಲಿ ಬರಬೇಕೆಂಬುದು ಆ ಮಠದ ರೂಢಿ. ಮುರಿಗೇಶನ ಚಪ್ಪಲಿ, ಮೊಬೈಲು, ದುಡ್ಡಿನ ಚೀಲ ಎಲ್ಲವನ್ನೂ ಅಡಿವೆಪ್ಪ ಕಾಯುತ್ತ ಕೂತಿದ್ದ.

ಮಾತಾಡುವಾಗ ಮುರಿಗೇಶನ ಬಲಗೈ ಆಗಾಗ ಸೊಂಟದ ಹತ್ತಿರ ಹೋಗಿ ಬರುತ್ತಿತ್ತು. ಅಜ್ಜನವರು ಅದನ್ನು ನೋಡಿದರು.

"ಕೂತುಕೋ, ತಮ್ಮಾ," ಎಂದರು. "ನೀನು ಉತ್ತರ ಕಟ್ಟಿಕೊಂಡೇ ಬಂದಿದ್ದೀ. ಅದಕ್ಕೆ ನನ್ನ ಕೈಯಿಂದ ವಿಭೂತಿ ಹಚ್ಚಿಸಿಕೊಂಡು ಹೋಗಬೇಕೆಂದು ಬಂದಿದ್ದೀ. ಇರಲಿ. ಒಂದು ಕತೆ ಕೇಳು."

ಅಜ್ಜನವರು ಹೇಳಿದ ಕತೆ ಇದು.

ಒಬ್ಬ ವ್ಯಾಪಾರಿ ಇದ್ದ. ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಕಳ್ಳ, ನಾನು ಅಂಥವನಲ್ಲ ಎಂದು ನೀನು ಕೊನೆಗೆ ಜಾರಿಕೊಳ್ಳಬಾರದು. ಅವನು ಎಂದೂ ತಕ್ಕಡಿಯಲ್ಲಿ ಕೈಯಾಡಿಸಿದವನಲ್ಲ. ಮಕ್ಕಳು ಬಂದು ಬೆಲ್ಲ ಕೇಳಿದರೂ ಸರಿಯಾಗಿ ತೂಗಿ, ಮೇಲೊಂದು ಚೂರು ಇಡುತ್ತಿದ್ದ.

ಅವನ ಸುತ್ತಿನ ಹತ್ತು ಹಳ್ಳಿಯವರು ಸಂತೆಗೆ ಜೋಳ ಹೊತ್ತು ಬರುತ್ತಿದ್ದರು. ಎಣ್ಣೆ ಬೇಕೆಂದರೂ ಜೋಳ ಅಳೆಯಬೇಕು, ಕಂಬಳಿ ಬೇಕೆಂದರೂ ಜೋಳ ಅಳೆಯಬೇಕು. ಹೊತ್ತು ಹೊತ್ತು ಕತ್ತು ಸೋಲುತ್ತಿತ್ತು. ವ್ಯಾಪಾರಿ ಮಣ್ಣಿನ ಬಿಲ್ಲೆ ಮಾಡಿಸಿ, ತನ್ನ ಗುರುತು ಒತ್ತಿಸಿ, ಸುಡಿಸಿದ. ಇನ್ನು ಜೋಳ ಹೊರಬೇಡಿ, ಇದನ್ನು ಮಡಿಲಲ್ಲಿ ಹಾಕಿಕೊಂಡು ಬನ್ನಿ ಎಂದ. ಜನ ನಕ್ಕರು. ಮಣ್ಣು ತಿನ್ನಲು ಬರುತ್ತದೆಯೇ ಎಂದರು. ಸರಿಯಾಗಿಯೇ ಕೇಳಿದರು.

ಆಗ ಅವನು ಒಂದು ಹಗೇವು ತೋಡಿಸಿದ. ಹಗೇವು ಎಂದರೆ ನೆಲದೊಳಗಿನ ಕಣಜ. ನೀನು ಕಂಪ್ಯೂಟರಿನವನು, ನೋಡಿರಲಿಕ್ಕಿಲ್ಲ. ಬಾವಿಯಂತೆ ಆಳ ತೋಡಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಾರೆ. ಹತ್ತು ಹಳ್ಳಿಯವರು ಅದಕ್ಕೆ ಜೋಳ ಸುರಿಯಬೇಕು. ಅಷ್ಟೇ ಬೆಲೆಯ ಬಿಲ್ಲೆಯನ್ನು ವ್ಯಾಪಾರಿ ಪಕ್ಕದ ಗುಡಾಣದಲ್ಲಿ ತುಂಬಬೇಕು. ಬಿಲ್ಲೆ ತಂದವನಿಗೆ ಜೋಳ, ಜೋಳ ತಂದವನಿಗೆ ಬಿಲ್ಲೆ. ಜೋಳ ಇಳಿದಂತೆಲ್ಲ ಸೇರಿಗೆ ಹೆಚ್ಚು ಬಿಲ್ಲೆ ಕೊಡಬೇಕು, ಏರಿದಂತೆಲ್ಲ ಕಡಿಮೆ ಕೊಟ್ಟರೆ ಸಾಕು. ಚೌಕಾಸಿ ಎಂಬುದೇ ಇಲ್ಲ. ದಿನದ ವ್ಯವಹಾರಕ್ಕೆ ಅಂಗಡಿಯಲ್ಲಿ ಒಂದು ಸಣ್ಣ ಕಣಜ ಇಟ್ಟ. ಅಮಾವಾಸ್ಯೆಗೊಮ್ಮೆ ಎಲ್ಲರ ಎದುರು ಹಗೇವು ತೆರೆದು ಅದನ್ನು ತುಂಬಿಕೊಳ್ಳುವುದು ಎಂದು ಮಾತಾಯಿತು. ಜಾಣತನದ ಏರ್ಪಾಡು, ಇಲ್ಲವೆನ್ನುವುದಿಲ್ಲ. ಆದರೆ ಬಿಲ್ಲೆ ಅವನ ಹಿತ್ತಿಲ ಮಣ್ಣು, ಜೋಳ ಜನರ ವರ್ಷದ ಅನ್ನ. ಅದನ್ನು ಮರೆಯಬೇಡ.

ಹಗೇವಿಗೆ ಇಳಿಯುವುದಕ್ಕೆ ಒಂದು ಕಟ್ಟಳೆ ಇದೆ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಚಪ್ಪಡಿ ಸರಿಸಿ ಬಹಳ ಹೊತ್ತು ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಕೂಡದು. ಬೆಳಗಿನಿಂದ ಬಾಯಿ ತೆರೆದಿಟ್ಟು, ಹತ್ತು ಜನ ಸುತ್ತ ನಿಂತು ಮಾಡುವ ಕೆಲಸ ಅದು.

ಜೋಳ ಸುರಿಯುವ ದಿನ ಹಿರಿಯರು ಒಂದು ಮಾತು ಎತ್ತಿದರು. ಏಣಿ ವ್ಯಾಪಾರಿಯ ಮನೆಯಲ್ಲಿ ಬೇಡ, ದುರ್ಗವ್ವನ ಗುಡಿಯಲ್ಲಿರಲಿ, ಹತ್ತು ಹಳ್ಳಿಯವರು ಕೂಡಿದಾಗ ಮಾತ್ರ ಹೊರಗೆ ತೆಗೆಯೋಣ ಎಂದರು. ವ್ಯಾಪಾರಿಯ ಮುಖ ಸಣ್ಣದಾಯಿತು. ಇಷ್ಟು ವರ್ಷ ನನ್ನ ತಕ್ಕಡಿ ನೋಡಿದವರು ನೀವು, ಇಷ್ಟೇ ಏನು ನಿಮ್ಮ ನಂಬಿಕೆ ಎಂದ. ಅವನಿಗೆ ನಿಜವಾಗಿಯೂ ನೋವಾಗಿತ್ತು. ಅಲ್ಲಿ ಅವನ ಗೆಳೆಯ, ಒಬ್ಬ ಕುರಿಗಾರ ನಿಂತಿದ್ದ. ಇದ್ದಬದ್ದ ಕುರಿ ಮಾರಿ ಜೋಳ ಮಾಡಿಕೊಂಡು ಬಂದಿದ್ದ. ಗೆಳೆಯನ ಮುಖ ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಏಣಿ ಅವನ ಮನೆಯಲ್ಲಿದ್ದರೆ ನನ್ನ ಮನೆಯಲ್ಲಿದ್ದಂತೆ," ಎಂದ. "ಮೊದಲು ನನ್ನ ಜೋಳ ಸುರಿಯಿರಿ."

ಅವನದನ್ನು ಸುರಿದರು. ಅವನನ್ನು ನೋಡಿ ಎಲ್ಲರೂ ಸುರಿದರು. ಏಣಿ ವ್ಯಾಪಾರಿಯ ಹಿತ್ತಿಲ ಗೋಡೆಗೆ ಒರಗಿ ನಿಂತಿತು. ಎದ್ದಾಗ ಅವನ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅದೇ.

ಬಿಲ್ಲೆ ಓಡಿತು. ಎಣ್ಣೆಯವನು ತೆಗೆದುಕೊಂಡ, ಕಮ್ಮಾರ ತೆಗೆದುಕೊಂಡ, ಮದುವೆಯ ಮುಯ್ಯಿಗೂ ಬಿಲ್ಲೆ ಬಂತು. ವ್ಯಾಪಾರಿ ಹಗೇವಿನ ಕಡೆಗೆ ತಲೆ ಹಾಕಿಯೂ ಮಲಗಲಿಲ್ಲ. ಬಹಳ ದಿನ ಹಾಗೆಯೇ ನಡೆಯಿತು.

ಒಂದು ಸುಗ್ಗಿಯಲ್ಲಿ ಹೊಳೆಯ ದಡದಲ್ಲಿ ಉಪ್ಪಿನ ಗಾಡಿಗಳು ಸಿಕ್ಕಿಕೊಂಡವು. ಎತ್ತು ಸೋತಿದ್ದವು. ಗಾಡಿಯವರು ಸಿಕ್ಕಿದ ಬೆಲೆಗೆ ಉಪ್ಪು ಕೊಟ್ಟು ಹೊರಡುವ ಅವಸರದಲ್ಲಿದ್ದರು. ಅವರಿಗೆ ಬಿಲ್ಲೆ ಗೊತ್ತಿಲ್ಲ, ಜೋಳವೇ ಬೇಕು. ಕೆಲವು ಚೀಲ ಜೋಳ ಕೊಟ್ಟರೆ ಉಪ್ಪು ತನ್ನದು, ಅಮಾವಾಸ್ಯೆಯೊಳಗೆ ಉಪ್ಪು ಮಾರಿ ಜೋಳ ಕೊಂಡು ಹಗೇವಿಗೆ ತುಂಬಿದರಾಯಿತು ಎಂದು ವ್ಯಾಪಾರಿ ಲೆಕ್ಕ ಹಾಕಿದ. ಕದಿಯುತ್ತೇನೆ ಎಂದು ಅವನು ಒಂದು ಗಳಿಗೆಯೂ ಅಂದುಕೊಳ್ಳಲಿಲ್ಲ. ಕೈಗಡ ಎಂದುಕೊಂಡ. ಕದಿಯುತ್ತೇನೆ ಎಂದುಕೊಂಡಿದ್ದರೆ ಬಹುಶಃ ಇಳಿಯುತ್ತಿರಲಿಲ್ಲ.

ಮಧ್ಯಾಹ್ನ ಜನರೆಲ್ಲ ಕಣದಲ್ಲಿದ್ದರು. ಅವನು ಏಣಿ ತಂದ, ಚಪ್ಪಡಿ ಸರಿಸಿದ. ದೀಪ ಇಳಿಸಲಿಲ್ಲ. ಹೇಗೆ ಇಳಿಸಿಯಾನು? ಗಾಳಿಯಾಡಲು ಬಿಟ್ಟರೆ ತೆರೆದ ಬಾಯಿ ಊರಿಗೆಲ್ಲ ಕಾಣುತ್ತದೆ. ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಇಳಿದುಬಿಟ್ಟ. ಜೋಳಕ್ಕೆ ಕಾಲು ತಾಗುವುದರೊಳಗೆ ಮೊಣಕಾಲು ಕುಸಿಯಿತು.

ಆ ಹೊತ್ತಿಗೆ ಕುರಿಗಾರ ಆ ದಾರಿಯಲ್ಲಿ ಬಂದ. ತೆರೆದ ಬಾಯಿ ನೋಡಿದ, ಏಣಿ ನೋಡಿದ, ಬಗ್ಗಿ ನೋಡಿದ. ಕೂಗಿ ಕಣದವರನ್ನು ಕರೆದ. ಜನ ಓಡಿ ಬಂದರು. ಒಬ್ಬ ಮುದುಕ, ದೀಪ ತನ್ನಿ, ದೀಪ ನಿಲ್ಲುವ ತನಕ ಯಾರೂ ಇಳಿಯಬೇಡಿ ಎಂದ. ಕಟ್ಟಳೆಯ ಮಾತನ್ನೇ ಹೇಳಿದ. ಕುರಿಗಾರ ಕೇಳಲಿಲ್ಲ.

"ನಮ್ಮ ಜೋಳ ಹೇಗಿದೆ ಎಂದು ನೋಡಲು ಇಳಿದವನು," ಎಂದ. "ಅವನನ್ನು ಬಿಟ್ಟು ಮೇಲೆ ನಿಲ್ಲಲೇ?"

ಕಂಬಳಿಯ ತುದಿ ಬಾಯಿಗೆ ಕಟ್ಟಿಕೊಂಡು, ಹಗ್ಗ ಹಿಡಿದು ಇಳಿದ. ಸ್ವಲ್ಪ ಹೊತ್ತಿಗೆ ಹಗ್ಗ ಅಲುಗಿತು. ಎಳೆದರು. ತುದಿಯಲ್ಲಿ ವ್ಯಾಪಾರಿ ಇದ್ದ. ಮತ್ತೆ ಹಗ್ಗ ಬಿಟ್ಟರು. ಅದನ್ನು ಹಿಡಿಯುವವರು ಯಾರೂ ಇರಲಿಲ್ಲ. ದೀಪ ನಿಂತು ಉರಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಆಗ ಕುರಿಗಾರನನ್ನು ಹೊರಗೆ ತಂದರು. ಕಂಬಳಿ ಬಾಯಿಗೆ ಕಟ್ಟಿದಂತೆಯೇ ಇತ್ತು.

ವ್ಯಾಪಾರಿಗೆ ಎಚ್ಚರವಾದಾಗ ಕುರಿಗಾರನ ಹೆಂಡತಿ ಪಕ್ಕದಲ್ಲೇ, ಗಂಡನ ಹೆಣದ ಬಳಿ ಕೂತಿದ್ದಳು. ಅವನೊಡನೆ ಮೇಲೆ ಬಂದ ಖಾಲಿ ಚೀಲಗಳೂ ಅಲ್ಲೇ ಬಿದ್ದಿದ್ದವು. ಜೋಳಕ್ಕೆ ತೇವ ಹತ್ತಿದ್ದರೆ ಹಾಸಲು ತಂದಿದ್ದಾನೆ ಎಂದು ಯಾರೋ ಅಂದರು, ಎಲ್ಲರೂ ಹೌದೆಂದರು. ಅವನ ಬಾಯಿಯಿಂದ ಸುಳ್ಳು ಹೊರಡಲಿಲ್ಲ, ಊರೇ ಹೇಳಿ ಮುಗಿಸಿತ್ತು. ಆ ಹೆಂಗಸು ಅವನ ಕಡೆ ತಿರುಗಿದಳು.

"ಅಣ್ಣಾ, ನಮ್ಮ ಜೋಳಕ್ಕಾಗಿ ನೀವೂ ಸಾಯುತ್ತಿದ್ದಿರಿ," ಎಂದಳು. "ನೀವಾದರೂ ಉಳಿದಿರಲ್ಲ."

ಅವನು ಬಾಯಿ ತೆರೆದ. ಹೇಳಿಬಿಡಬೇಕೆಂದೇ ತೆರೆದ. ಅಷ್ಟರಲ್ಲಿ ಯೋಚನೆ ಬಂತು. ನಿಜ ಹೇಳಿದರೆ ಹತ್ತು ಹಳ್ಳಿಯವರೂ ಬಿಲ್ಲೆ ಹಿಡಿದು ಒಟ್ಟಿಗೆ ಓಡಿ ಬರುತ್ತಾರೆ. ಮುಂದೆ ಬಂದವರು ಜೋಳ ಬಾಚಿಕೊಳ್ಳುತ್ತಾರೆ, ಹಿಂದೆ ಉಳಿದವರಿಗೆ ಮಣ್ಣು. ಹೆಣದ ಪಕ್ಕ ಕೂತ ಇವಳು ಎಲ್ಲರಿಗಿಂತ ಹಿಂದೆ ಉಳಿಯುತ್ತಾಳೆ. ಇವಳಿಗಾಗಿಯಾದರೂ ಸುಮ್ಮನಿರಬೇಕು ಎಂದುಕೊಂಡ. ನೋಡು, ಅದಕ್ಕೂ ಒಂದು ಒಳ್ಳೆಯ ಕಾರಣ ಸಿಕ್ಕಿತು. ಬಾಯಿ ಮುಚ್ಚಿದ.

ಸುದ್ದಿ ಹತ್ತು ಹಳ್ಳಿ ದಾಟಿ ಹೋಯಿತು. ಜನರ ಜೋಳಕ್ಕೆ ಜೀವ ಕೊಡಲು ಹೊರಟವನು ಎಂದು ಹೆಸರಾಯಿತು. ದೂರದೂರದವರು ಜೋಳ ತಂದು ಸುರಿದರು. ಬಿಲ್ಲೆಯ ಬೆಲೆ ಏರಿತು. ಕುರಿಗಾರನ ಹೆಂಡತಿ ಮೈಮೇಲಿದ್ದ ಚೂರು ಬೆಳ್ಳಿಯನ್ನು ಮಾರಿ, ಜೋಳ ಮಾಡಿಸಿಕೊಂಡು ಬಂದು, ಅದನ್ನೂ ಅದೇ ಹಗೇವಿಗೆ ಸುರಿದಳು. ಏಣಿಯ ಮಾತನ್ನು ಮಾತ್ರ ಮತ್ತೆ ಯಾರೂ ಎತ್ತಲಿಲ್ಲ. ಅಂಥವನ ಮುಂದೆ ಎತ್ತಲು ಎಲ್ಲರಿಗೂ ನಾಚಿಕೆ.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು. ಆಮೇಲೆ ಆ ಏಣಿ ಏನಾಯಿತು, ಸುಟ್ಟುಹಾಕಿದನೇ ಎಂದು ಮುರಿಗೇಶ ಕೇಳಿದ.

"ಹಿತ್ತಿಲಿನಿಂದ ಒಳಗೆ ಬಂತು," ಎಂದರು ಅಜ್ಜನವರು. "ಮಂಚದ ಪಕ್ಕದಲ್ಲಿ ಇಟ್ಟುಕೊಂಡ. ಯಾರಾದರೂ ಕದ್ದಾರು ಎಂಬ ಕಾಳಜಿ."

ಮುರಿಗೇಶನಿಗೆ ನೋವಾಯಿತು. ನಾನು ಆ ವ್ಯಾಪಾರಿಯಲ್ಲ ಎಂದ. ನನಗೆ ಯಾವ ಉಪ್ಪೂ ಬೇಡ, ಆ ಕೀಲಿ ನನ್ನ ಹತ್ತಿರ ಇದೆ ಎಂಬುದು ನನಗೆ ನೆನಪೂ ಆಗುವುದಿಲ್ಲ ಎಂದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿರಲಿಲ್ಲ. ಬಲಗೈ ಸೊಂಟದ ಮೇಲೆಯೇ ಇತ್ತು.

ಅಜ್ಜನವರು ಆ ಕೈಯನ್ನೇ ನೋಡುತ್ತ ಕೇಳಿದರು:

"ಹಾಗಾದರೆ, ತಮ್ಮಾ, ಉಳಿದುದನ್ನೆಲ್ಲ ಕೆಳಗೆ ಅಡಿವೆಪ್ಪನ ಕೈಗೆ ಕೊಟ್ಟು, ಅದೊಂದನ್ನು ಮಾತ್ರ ಸೊಂಟಕ್ಕೆ ಕಟ್ಟಿಕೊಂಡು ಯಾಕೆ ಗುಡ್ಡ ಹತ್ತಿದೆ?"