ಕೊಟ್ರವ್ವನ ಬಲಗೈ

ಹೂಂ ಅನ್ನೋರು ಹತ್ತಿರ ಬನ್ನಿ, ನಿದ್ದೆ ಬಂದೋರು ಗೋಡೆಗೆ ಒರಗಿ. ಕತೆ ದೊಡ್ಡದೇನಲ್ಲ. ಒಬ್ಬ ಅವ್ವ, ಒಬ್ಬ ಮಗ, ಒಂದು ಮುರಿದ ಕೈ.

ಅವ್ವನ ಹೆಸರು ಕೊಟ್ರವ್ವ, ಮಗನ ಹೆಸರು ಮೈಲಾರಿ. ಇಪ್ಪತ್ತೈದು ತುಂಬಿದ ಆಳು, ಬಾಗಿಲು ದಾಟಬೇಕಾದರೆ ತಲೆ ಬಗ್ಗಿಸಬೇಕು, ಅಷ್ಟು ಎತ್ತರ. ಅವ್ವನ ಮಾತು ಒಂದು ದಿನವೂ ಮೀರಿದವನಲ್ಲ. ಕಷ್ಟ ಇದ್ದದ್ದೇ ಅಲ್ಲಿ. "ಹಾಲು ಉಕ್ಕುತ್ತೇನೋ ನೋಡು" ಅಂದರೆ ಒಲೆ ಮುಂದೆ ಕೂತು, ಹಾಲು ಉಕ್ಕಿ, ಹರಿದು, ಒಲೆ ಆರೋದನ್ನೆಲ್ಲ ನೋಡಿ ಬಂದು, "ಹೂಂ ಅವ್ವಾ, ಉಕ್ತು" ಅನ್ನುತ್ತಿದ್ದ.

ಇಂಥ ಮನೆಯಲ್ಲಿ ಕೊಟ್ರವ್ವ ನಲ್ಲಿ ಕಟ್ಟೆ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಎಲುಬು ಕಟ್ಟೋ ಈರಜ್ಜ ಬಂದ, ಎಣ್ಣೆ ಹಚ್ಚಿದ, ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ. "ಮೂರು ವಾರ ಈ ಕೈ ಅಲ್ಲಾಡಬಾರದು ನೋಡವ್ವ" ಅಂದು ಹೋದ.

ಅವನು ಅತ್ತ ಹೋದ, ಇತ್ತ ಬೀಗರ ಊರಿಂದ ಸುದ್ದಿ ಬಂತು. ಮಗಳು ಹೊನ್ನಿ ದಿನ ತುಂಬೋ ಮೊದಲೇ ಗಂಡನ ಮನೆಯಲ್ಲೇ ಹೆತ್ತಿದ್ದಳು. ಚೊಚ್ಚಲ ಹೆರಿಗೆ ತವರಲ್ಲಿ ಆಗಲಿಲ್ಲ, ಬಾಣಂತನವಾದರೂ ಆಗಲಿ ಅಂತ ಕೊಟ್ರವ್ವನ ಜೀವ ಒದ್ದಾಡುತ್ತಿತ್ತು. ಹೊನ್ನಿಯ ಅತ್ತೆ ಅಂಬವ್ವ ಹೇಳಿ ಕಳಿಸಿದ್ದಳು: "ಬರೋ ಸೋಮವಾರ ತಾಯಿ ಮಗೂನ ಕರ್ಕೊಂಡು ಬರ್ತೀನಿ. ಬಾಣಂತಿಗೆ ಅಂಟಿನುಂಡೆ, ಕೂಸಿಗೆ ಕೌದಿ, ಕುಂಚಿಗೆ ಎಲ್ಲಾ ಸಜ್ಜಾಗಿದ್ರೆ ಮೂರು ತಿಂಗಳು ಬಿಟ್ಟು ಹೋಗ್ತೀನಿ. ಇಲ್ಲಾಂದ್ರೆ ಒಂದು ಲೋಟ ನೀರು ಕುಡಿದು ವಾಪಸ್ ಕರ್ಕೊಂಡು ಬರ್ತೀನಿ. ಕೈ ಮುರ್ಕೊಂಡೋಳು ಒಬ್ಬಳು, ಬುದ್ಧಿ ಇಲ್ಲದೋನು ಒಬ್ಬ. ಆ ಮನೇಲಿ ಹಸಿ ಬಾಣಂತಿ ಹೆಂಗಿರ್ತಾಳೆ?"

ಕೊಟ್ರವ್ವ ಒಂದು ಗಳಿಗೆ ಸೆರಗಲ್ಲಿ ಮುಖ ಮುಚ್ಚಿಕೊಂಡು ಕೂತಳು. ಆಮೇಲೆ ಮಗನನ್ನು ಕರೆದಳು.

"ಮೈಲಾರಿ, ಇವತ್ತಿಂದ ನಿನ್ನ ಕೈಯೇ ನನ್ನ ಕೈ. ನಾನು ಹೇಳ್ತೀನಿ, ನೀನು ಮಾಡು."

"ಹೂಂ ಅವ್ವಾ" ಅಂದ ಮೈಲಾರಿ. ತನ್ನ ಬಲಗೈಯನ್ನ ತಿರುಗಿಸಿ ಮುರುಗಿಸಿ ನೋಡಿಕೊಂಡ. ಲುಂಗಿಗೆ ಒರೆಸಿ ಜೋಪಾನವಾಗಿ ಎದೆ ಹತ್ತಿರ ಇಟ್ಟುಕೊಂಡ.

ಮೊದಲು ಅಂಟಿನುಂಡೆ. ಅವ್ವ ಪಡಸಾಲೆಯಲ್ಲಿ ಕೂತು ಹೇಳಿದ ಹಾಗೆಲ್ಲ ಮಗ ಮಾಡಿದ. ಒಣಕೊಬ್ಬರಿ ತುರಿ ಅಂದಳು, ತುರಿದ. ಉತ್ತುತ್ತಿ ಬೀಜ ತೆಗೆದು ಕುಟ್ಟು ಅಂದಳು, ಕುಟ್ಟಿದ. ಅಂಟು ತುಪ್ಪದಲ್ಲಿ ಅರಳಿಸು ಅಂದಳು, ಅದು ಮಲ್ಲಿಗೆ ಮೊಗ್ಗು ಬಿರಿದ ಹಾಗೆ ಅರಳಿತು. ಕೊಟ್ರವ್ವನಿಗೆ ಸ್ವಲ್ಪ ಧೈರ್ಯ ಬಂತು.

"ಈಗ ಬೆಲ್ಲದ ಪಾಕ ಇಡು. ಪಾಕ ಬಂತೋ ಇಲ್ವೋ ನೀರಲ್ಲಿ ಹಾಕಿ ನೋಡು. ಕರಗಿ ಹೋದ್ರೆ ಬಂದಿಲ್ಲ ಅಂತ ತಿಳ್ಕೋ."

ಒಳಗೆ ಚುಂಯ್ ಅಂತ ಸದ್ದಾಯಿತು. ಬಾಣಲೆಯ ಪಾಕ ಪೂರ್ತಿ ಕುಡಿಯೋ ನೀರಿನ ಕೊಡಕ್ಕೆ ಸುರಿದು, ಸೌಟು ಹಾಕಿ ತಿರುವುತ್ತಾ ನಿಂತಿದ್ದ ಮೈಲಾರಿ.

"ಕರಗಿ ಹೋಯ್ತವ್ವಾ. ಪಾಕ ಬಂದಿಲ್ಲ."

"ಅಯ್ಯೋ ನನ್ನಪ್ಪ, ಒಂದು ಹನಿ ಹಾಕಿ ನೋಡೋದು ಕಣೋ. ಬಾಣಲೆನೇ ಸುರಿಯೋದಾ?"

"ಮೊದಲೇ ಹೇಳಿದ್ರೆ ಹಂಗೇ ಮಾಡ್ತಿದ್ದೆ."

"ಈಗ ಹೇಳ್ತೀನಿ ಕೇಳು. ಯಾವುದೇ ಇರಲಿ, ಮೊದಲು ಚೂರೇ ಚೂರು ತೆಗೆದು ನೋಡಬೇಕು. ಅದು ಸರಿ ಅನ್ನಿಸಿದ್ರೆ ಮಿಕ್ಕಿದ್ದು ಮುಟ್ಟಬೇಕು."

"ಹೂಂ ಅವ್ವಾ."

ಎರಡನೇ ಸಲ ಹನಿ ಹಾಕಿ ನೋಡಿದ, ಪಾಕ ಬಂತು, ಉಂಡೆಯೂ ಆಯಿತು. ಅವತ್ತು ಸಂಜೆ ಓಣಿಯವರೆಲ್ಲ ಚೊಂಬು ತಂದು, ಕೊಡದಲ್ಲಿದ್ದ ಬೆಲ್ಲದ ಪಾನಕ ಕುಡಿದು ಹೋದರು.

ಮರುದಿನ ಕೌದಿ. "ಟ್ರಂಕಿನಲ್ಲಿ ಹನ್ನೊಂದು ಸೀರೆ ಇದಾವೆ. ಮೆತ್ತಗಿರೋವು ನಾಲ್ಕು ಆರಿಸಿ ತಗೊಂಡು ಬಾ. ಕೂಸಿನ ಮೈಗೆ ಚುಚ್ಚಬಾರದು" ಅಂದಳು ಕೊಟ್ರವ್ವ.

ಮಗ ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗಿಂದ ಕತ್ತರಿ ಸದ್ದು ಬಂತು, ಕಚಕ್. ಸ್ವಲ್ಪ ಬಿಟ್ಟು ಇನ್ನೊಂದು, ಕಚಕ್. ಕೊಟ್ರವ್ವ ಎದ್ದು ಹೋಗಿ ನೋಡಿದರೆ, ಮೈಲಾರಿ ಒಂದೊಂದು ಸೀರೆಯ ನಟ್ಟನಡುವಿಂದ ಅಂಗೈ ಅಗಲ ಕತ್ತರಿಸಿ, ಚೂರನ್ನ ಕೆನ್ನೆಗೆ ಉಜ್ಜಿ ನೋಡಿ, ಎರಡು ಗುಡ್ಡೆ ಮಾಡುತ್ತಿದ್ದ. ಅವಳು ಮೊಮ್ಮಗುವಿನ ನಾಮಕರಣಕ್ಕೆ ಉಡಬೇಕು ಅಂತ ತೆಗೆದಿಟ್ಟ ಇಳಕಲ್ ಸೀರೆಗೂ ನಡುವಲ್ಲಿ ಕಿಟಕಿ ಬಿದ್ದಿತ್ತು.

"ಈ ಗುಡ್ಡೆ ಮೆತ್ತಗಿರೋದು, ಈ ಗುಡ್ಡೆ ಚುಚ್ಚೋದು. ಆದ್ರೆ ಅವ್ವಾ, ಯಾವ ಚೂರು ಯಾವ ಸೀರೇದು ಅನ್ನೋದು ಮರೆತು ಹೋಯ್ತು."

ಕೊಟ್ರವ್ವ ಟ್ರಂಕಿನ ಪಕ್ಕದಲ್ಲೇ ಕುಸಿದು ಕೂತಳು. ಬೈಯೋಕೆ ಬಾಯಿ ತೆರೆದಳು.

"ತೂತು ಕಂಡ್ರೆ ಮುಚ್ಚೋರನ್ನ ನೋಡಿದೀನಿ, ತೂತು ಮಾಡೋನನ್ನ ಹೆತ್ತೆನಲ್ಲೋ. ಸೂಜಿ ದಾರ ತಗೋ. ಒಂದೊಂದಕ್ಕೂ ತೇಪೆ ಹಾಕು. ಇನ್ನು ಈ ಮನೇಲಿ ಒಂದು ತೂತು ನನ್ನ ಕಣ್ಣಿಗೆ ಬೀಳಬಾರದು."

"ಹೂಂ ಅವ್ವಾ. ಮೊದಲೇ ಹೇಳಿದ್ರೆ ಹಂಗೇ ಮಾಡ್ತಿದ್ದೆ."

ಹಸಿರು ಸೀರೆಗೆ ಕೆಂಪು ತೇಪೆ, ಕೆಂಪಿಗೆ ಹಳದಿ, ಇಳಕಲ್ಲಿಗೆ ನೀಲಿ. ಹೊಲಿಗೆ ಮಾತ್ರ ಇರುವೆ ಸಾಲು ಹೋದ ಹಾಗೆ ನೆಟ್ಟಗೆ. ಸೀರೆಗಳನ್ನ ಒಂದರ ಮೇಲೊಂದು ಹಾಸಿ ಹೊಲಿದಾಗ ಕೌದಿ ಅಂತೂ ಆಯಿತು. ಇಳಕಲ್ ಒಂದನ್ನು ಮಾತ್ರ ಕೊಟ್ರವ್ವ ಮಡಚಿ ಒಳಗಿಟ್ಟಳು.

ಶನಿವಾರ ಕೊಟ್ರವ್ವ ಈರಜ್ಜನ ಮನೆಗೆ ಕೈ ತೋರಿಸಿ ಬರೋಕೆ ಹೋದಳು. ಪಕ್ಕದ ಮನೆ ಸಾವಂತ್ರವ್ವ ಕೂಸಿಗೆ ಕುಂಚಿಗೆ ಹೊಲಿದು ತಂದುಕೊಟ್ಟಿದ್ದಳು, ತಲೆ ಬೆನ್ನು ಎಲ್ಲಾ ಮುಚ್ಚೋ ಹಾಗೆ, ಮುಖಕ್ಕೆ ಮಾತ್ರ ಜಾಗ ಬಿಟ್ಟು. ಬಾಣಂತಿಗೆ ಕೊಡೋ ಖಾರದ ಪುಡಿ ಸೋಸೋಕೆ ಅಂತ ತನ್ನ ಜರಡಿಯನ್ನೂ ಕೊಟ್ಟಿದ್ದಳು. ಮೈಲಾರಿ ಒಬ್ಬನೇ ಮನೆಯಲ್ಲಿ.

ಮಧ್ಯಾಹ್ನ ಅವಳು ತಿರುಗಿ ಬಂದಾಗ ಮೈಲಾರಿ ಗೋಧಿ ಹಿಟ್ಟಿನ ಕಣಕ ಪಕ್ಕಕ್ಕೆ ಇಟ್ಟುಕೊಂಡು, ಜರಡಿಯ ಒಂದೊಂದೇ ಕಣ್ಣಿಗೆ ಸಾಸಿವೆ ಗಾತ್ರದ ಹಿಟ್ಟು ತುಂಬುತ್ತಿದ್ದ. ಮುಕ್ಕಾಲು ಜರಡಿ ಮುಗಿದಿತ್ತು. ಗಿಂಡಿಯ ಮೂತಿಗೂ ಹಿಟ್ಟು, ಬೀಗದ ಕಿಂಡಿಗೂ ಹಿಟ್ಟು. ಕುಂಚಿಗೆಯ ಮುಖದ ಜಾಗ ಇರುವೆ ಸಾಲಿನ ಹೊಲಿಗೆಯಲ್ಲಿ ಅಚ್ಚುಕಟ್ಟಾಗಿ ಮುಚ್ಚಿಹೋಗಿತ್ತು. ಅಡಿಗೆಮನೆ ಮೂಲೆಯ ಇಲಿ ಬಿಲವನ್ನೂ ಮುಚ್ಚಿದ್ದ, ಅದೊಂದು ಒಳ್ಳೇದಾಯಿತು.

ಜರಡಿ ವಾಪಸ್ ಕೇಳೋಕೆ ಬಂದ ಸಾವಂತ್ರವ್ವ ಬಾಗಿಲಲ್ಲೇ ನಿಂತಳು. "ಕೊಟ್ರಕ್ಕ, ನಿನ್ನ ಮಗ ತಲೇಲಿರೋ ತೂತು ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಮುಚ್ಚಿದಾನೆ."

"ಅದೊಂದು ಮುಚ್ಚೋಕೆ ನನ್ನತ್ರ ಹಿಟ್ಟಿಲ್ಲ ಕಣವ್ವ" ಅಂದಳು ಕೊಟ್ರವ್ವ. ಮಗನ ಕಡೆ ತಿರುಗಿದಳು. "ಕೂಸು ಉಸಿರಾಡೋದು ಎಲ್ಲಿಂದಲೋ?"

"ತೂತು ಕಣ್ಣಿಗೆ ಬೀಳಬಾರದು ಅಂದೆ."

"ಇನ್ನು ಮೇಲೆ ಯಾರು ಏನು ಕೊಟ್ರೂ ಸುಮ್ಮನೆ ಕೈ ಹಚ್ಚಬೇಡ. ಇದು ಏತಕ್ಕೆ ಅಂತ ಕೊಟ್ಟೋರನ್ನ ಕೇಳು. ತಿಳ್ಕೊಂಡ ಮೇಲೆ ಮುಟ್ಟು."

"ಹೂಂ ಅವ್ವಾ."

ಭಾನುವಾರ ಪೂರ್ತಿ ಕುಂಚಿಗೆ ಬಿಚ್ಚೋದು, ಜರಡಿ ತೊಳೆಯೋದು. ಸೋಮವಾರ ಬಂದೇ ಬಂತು.

ಬಸ್ಸಿಳಿದು ಅಂಬವ್ವ ಮುಂದೆ, ಹೊನ್ನಿ ಹಿಂದೆ. ಕೂಸು ಅಂಬವ್ವನ ಕೈಯಲ್ಲಿ. ಅಳ್ತಾ ಇತ್ತು. ಬಾಗಿಲಲ್ಲಿ ಮೈಲಾರಿ ನಿಂತಿದ್ದ. ಅಂಬವ್ವ ಕೂಸನ್ನ ಅವನ ಮುಂದೆ ಚಾಚಿದಳು. "ಹಿಡ್ಕೊಳ್ಳಪ್ಪ, ಸೋದರಮಾವ."

ಮೈಲಾರಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಅತ್ತೇ, ಇದು ಏತಕ್ಕೆ?"

"ಏತಕ್ಕೆ ಅಂದ್ರೆ?"

"ಇದರಿಂದ ಏನು ಮಾಡ್ತಾರೆ?"

ಅಂಬವ್ವ ಒಮ್ಮೆ ಕೂಸಿನ ಮುಖ ನೋಡಿದಳು, ಒಮ್ಮೆ ಅವನ ಮುಖ ನೋಡಿದಳು. "ಈಗ ಸದ್ಯಕ್ಕೆ ಅಳೋದೊಂದೇ ಇದು ಮಾಡ್ತಿರೋದು. ಎತ್ಕೊಳ್ಳೋದಕ್ಕೆ ಕಣಪ್ಪ, ಇನ್ನೇತಕ್ಕೆ?"

"ಹಂಗಾದ್ರೆ ಕೊಡಿ" ಅಂತ ತೆಗೆದುಕೊಂಡ.

ಹೊನ್ನಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕೊಟ್ರವ್ವ ಮಾತ್ರ ಮಗನನ್ನ ಒಳಗೆ ಕರೆದು ಮೆಲ್ಲಗೆ ಹೇಳಿದಳು, "ಇವತ್ತು ಯಾರನ್ನೂ ಏನೂ ಕೇಳಬೇಡ ಕಣೋ, ನಿನ್ನ ಕಾಲಿಗೆ ಬೀಳ್ತೀನಿ. ಕೂಸನ್ನ ತೊಟ್ಟಿಲಿಗೆ ಹಾಕಿ ತೂಗು. ನಾನು ಸಾಕು ಅನ್ನೋ ತನಕ ಹಗ್ಗ ಬಿಡಬೇಡ."

"ಹೂಂ ಅವ್ವಾ."

ಅಂಬವ್ವ ಒಂದೊಂದೇ ನೋಡಿದಳು. ಅಂಟಿನುಂಡೆ ಕಚ್ಚಿದಳು, ಇನ್ನೊಂದು ತೆಗೆದುಕೊಂಡಳು. ಕೌದಿ ಬಿಡಿಸಿ, "ಇದೇನಕ್ಕ, ಇಷ್ಟು ತೇಪೆ?" ಅಂದಳು. "ಚೆಂದ ಕಾಣಲಿ ಅಂತ" ಅಂದಳು ಕೊಟ್ರವ್ವ. ಕುಂಚಿಗೆ ಎತ್ತಿ ಮುಖದ ಸುತ್ತ ಸೂಜಿ ಗುರುತು ನೋಡಿದಳು, ಪಕ್ಕಕ್ಕಿಟ್ಟಳು. ಕೊನೆಗೆ ಕೊಟ್ರವ್ವನ ಕೈ ಮೇಲಿನ ದಬ್ಬೆ ನೋಡಿದಳು.

"ಎಲ್ಲಾ ಸರಿ ಬೀಗರೇ. ಆದ್ರೆ ಈ ಕೈಲಿ ನೀರು ಕಾಯ್ಸೋರು ಯಾರು? ಕೂಸು ನೋಡಿದ್ರೆ ಎಂಟು ದಿನದಿಂದ ಕಣ್ಣು ಮುಚ್ಚಿಲ್ಲ, ನಮಗೂ ಮುಚ್ಚಗೊಟ್ಟಿಲ್ಲ. ನೀವು ಒಬ್ಬರೇ ಏನು ಮಾಡ್ತೀರಿ? ಬೇಜಾರು ಮಾಡ್ಕೋಬೇಡಿ. ಊಟ ಮಾಡಿ ಐದು ಗಂಟೆ ಬಸ್ಸಿಗೆ ಮೂವರೂ ಹೊರಡ್ತೀವಿ."

ಕೊಟ್ರವ್ವ ಎಡಗೈಯಲ್ಲೇ ಎಲೆ ಹಾಕಿದಳು, ಎಡಗೈಯಲ್ಲೇ ಬಡಿಸಿದಳು. ಹೊನ್ನಿ ಎಲೆ ಮೇಲೆ ಕಣ್ಣೀರು ಬೀಳದ ಹಾಗೆ ಮುಖ ಆಚೆ ತಿರುಗಿಸಿಕೊಂಡು ಉಂಡಳು.

ಒಳಗೆ ತೊಟ್ಟಿಲು ಕಿರ್ರ್, ಕಿರ್ರ್ ಅನ್ನುತ್ತಿತ್ತು. ಕೂಸಿನ ಅಳು ಸಣ್ಣಗಾಯಿತು, ಬಿಕ್ಕು ಆಯಿತು, ಆಮೇಲೆ ಅದೂ ನಿಂತಿತು. ಅಂಬವ್ವ ಕಿವಿಗೊಟ್ಟಳು. "ಒಂಚೂರು ಬೆನ್ನು ನೆಟ್ಟಗೆ ಮಾಡ್ಕೋತೀನಿ" ಅಂತ ಚಾಪೆ ಮೇಲೆ ಒರಗಿದಳು. ಎಂಟು ದಿನದ ನಿದ್ದೆ, ಒಂದೇ ಸಲ ಬಂತು.

ಎದ್ದಾಗ ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಗಿತ್ತು. ಕಿರ್ರ್, ಕಿರ್ರ್ ಮಾತ್ರ ನಿಂತಿರಲಿಲ್ಲ. ಅಂಬವ್ವ ಎದ್ದು ಒಳಗೆ ಹೋಗಿ ನೋಡಿದಳು. ಮೈಲಾರಿ ಹಗ್ಗ ಹಿಡಿದು ಕೂತಿದ್ದ. ಮೂಗಿನ ಮೇಲೆ ನೊಣ ಕೂತಿತ್ತು, ಓಡಿಸಿರಲಿಲ್ಲ. ಪಕ್ಕದಲ್ಲಿ ಇಟ್ಟಿದ್ದ ಮುದ್ದೆ ಆರಿ ಕಲ್ಲಾಗಿತ್ತು, ಮುಟ್ಟಿರಲಿಲ್ಲ. ತೊಟ್ಟಿಲೊಳಗೆ ಬಗ್ಗಿ ನೋಡಿದರೆ ಕೂಸೇ ಇಲ್ಲ. ಅದು ಯಾವಾಗಲೋ ಎದ್ದು, ಕೋಣೆಯಲ್ಲಿ ಹೊನ್ನಿಯ ಹತ್ತಿರ ಹಾಲು ಕುಡಿಯುತ್ತಿತ್ತು.

"ಯಾರನ್ನ ತೂಗ್ತಿದ್ದೀಯಪ್ಪ?"

"ಯಾರನ್ನೂ ಇಲ್ಲ ಅತ್ತೆ."

"ಮತ್ತೆ?"

"ಅವ್ವ ಸಾಕು ಅಂದಿಲ್ಲ."

ಅಂಬವ್ವ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಸುಮಾರು ಹೊತ್ತು ತೂಗೋದನ್ನೇ ನೋಡಿದಳು.

"ಬೀಗರೇ" ಅಂತ ಕೂಗಿದಳು ಆಮೇಲೆ. "ನನಗೆ ಮೂವರು ಗಂಡು ಮಕ್ಕಳು, ಮೂವರೂ ಬುದ್ಧಿವಂತರು. ನಾನು ಒಂದು ಎಲೆಅಡಿಕೆ ಹಾಕ್ಕೊಳ್ಳೋಷ್ಟು ಹೊತ್ತು ಒಬ್ಬನೂ ಈ ಹಗ್ಗ ಹಿಡಿಯಲಿಲ್ಲ. ಹೊನ್ನಿ ಇಲ್ಲೇ ಇರಲಿ. ನೀರು ಕಾಯ್ಸೋದಾ, ಇವನಿಗೆ ಹೇಳಿ. ಆದ್ರೆ ಎಷ್ಟು ಬಿಸಿ ಅನ್ನೋದು ಮಾತ್ರ ನೀವೇ ಮುಟ್ಟಿ ನೋಡಿ."

ಹೋಗುವಾಗ ನಾಲ್ಕು ಉಂಡೆ ಸೆರಗಿಗೆ ಕಟ್ಟಿಕೊಂಡಳು. ಕೊಟ್ರವ್ವ ಬಸ್ಸಿನ ತನಕ ಹೋಗಿ ಕಳಿಸಿ ಬಂದಳು. ಬಂದಾಗ ಮನೆಯಲ್ಲಿ ಇನ್ನೂ ಕಿರ್ರ್, ಕಿರ್ರ್.

"ನಾನೂ ಹೇಳಿದೆ, ಸಾವಂತ್ರಕ್ಕನೂ ಹೇಳಿದ್ಲು" ಅಂದಳು ಹೊನ್ನಿ. "ನೀವು ಅವ್ವ ಅಲ್ಲ ಅಂತಾನೆ."

ಕೊಟ್ರವ್ವ ಹೋಗಿ ಮಗನ ತಲೆ ಮೇಲೆ ಎಡಗೈ ಇಟ್ಟಳು. "ಸಾಕು ಮಗಾ."

ಮೈಲಾರಿ ಹಗ್ಗ ಬಿಟ್ಟ. ಆರಿದ ಮುದ್ದೆ ಎಳೆದುಕೊಂಡು ಉಂಡ.

ಆಮೇಲೆ ಏನಾಯಿತು ಅಂತೀರಾ? ಮೂರು ವಾರ ತುಂಬಿದ ದಿನ ಈರಜ್ಜ ಎಣ್ಣೆ ಬಟ್ಟಲು ಹಿಡಿದು ಬಂದ. ಹೊನ್ನಿ ಕೂಸಿಗೆ ಎರೆದು ಕೌದಿಯಲ್ಲಿ ಸುತ್ತಿ ಮಲಗಿಸಿದ್ದಳು. ಈರಜ್ಜ ಕೊಟ್ರವ್ವನ ಎದುರು ಚಾಪೆ ಮೇಲೆ ಕೂತ. "ಎಲ್ಲಿ ಅವ್ವ, ನಿನ್ನ ಬಲಗೈ ಕೊಡು, ನೋಡೋಣ."

ಕೊಟ್ರವ್ವ ಅಲ್ಲಾಡೋ ಮೊದಲೇ ಮೈಲಾರಿ ನಡುವೆ ಬಂದು ಕೂತು, ತನ್ನ ಬಲಗೈ ನೀಡಿದ.

ಈರಜ್ಜ ಆ ಕೈ ಹಿಡಿದು, ಅವ್ವನ ಮುಖ ನೋಡಿದ. ಅವಳು ಹೂಂ ಅಂತ ತಲೆಯಾಡಿಸಿದಳು. ಮುದುಕ ಎಣ್ಣೆ ಹಚ್ಚಿದ, ಮಣಿಕಟ್ಟು ಒತ್ತಿದ, ಬೆರಳು ಒಂದೊಂದೇ ಮಡಚಿದ. "ಈಗ ಹೇಳಪ್ಪ, ನೋವು ಹೋಗಿದೆಯಾ?"

ಮೈಲಾರಿಗೆ ಅದು ಹೇಗೆ ಗೊತ್ತಾಗಬೇಕು? ಕೈಯನ್ನ ಅಲ್ಲೇ ಬಿಟ್ಟು ಹಿಂದೆ ತಿರುಗಿದ.

"ಅವ್ವಾ, ನೋವು ಹೋಗಿದೆಯಾ ಅಂತ ಕೇಳ್ತಾನೆ ಅಜ್ಜ."

"ಹೋಗಿದೆ ಅಂತ ಹೇಳು ಮಗಾ" ಅಂದಳು ಕೊಟ್ರವ್ವ.