ತೈವಾನಿನ ಸಂತೆಯಲ್ಲಿ ಒಂದು ತುತ್ತು

"ಬುದ್ಧಿ, ನಾನು ಯಾರಿಗೂ ಕೆಟ್ಟದ್ದು ಮಾಡಿದವನಲ್ಲ. ಆದರೂ ನನ್ನವರು ಅಂತ ನನಗೆ ಒಬ್ಬರೂ ಇಲ್ಲ. ಯಾಕೆ ಹೀಗೆ?" ಎಂದು ಶಂಭುಲಿಂಗ ಮಠದ ಗುರುಗಳನ್ನು ಕೇಳಿದ.

ಗುರುಗಳು ನಕ್ಕರು. "ಕೂತ್ಕೋ. ಹೊಟ್ಟೆಬಾಕನೊಬ್ಬನ ಕತೆ ಹೇಳುತ್ತೇನೆ" ಎಂದರು.

ಒಬ್ಬ ರೇಷ್ಮೆ ವ್ಯಾಪಾರಿ. ಕೆಲಸದ ಮೇಲೆ ತೈವಾನಿಗೆ ಹೋದ. ಹಗಲೆಲ್ಲ ಗಿರಾಕಿಗಳ ಜೊತೆ ಮಾತು, ಸಂಜೆಯಾದರೆ ಒಬ್ಬನೇ. ಕೋಣೆಯ ಗೋಡೆ ನೋಡಿ ನೋಡಿ ಬೇಸತ್ತು ಸಂತೆ ಬೀದಿಗೆ ಇಳಿದ. ಮಾಂಸ ಮುಟ್ಟದವನಿಗೂ ಅಲ್ಲಿ ಬೇಕಾದಷ್ಟು ಅಂಗಡಿಗಳಿದ್ದವು. ಈರುಳ್ಳಿ ಸೊಪ್ಪು ಹಾಕಿದ ಪದರು ರೊಟ್ಟಿ ತಿಂದ. ಸಿಹಿ ಪಾಕದಲ್ಲಿ ತೇಲುವ ಕೆಸುವಿನ ಗಡ್ಡೆಯ ಉಂಡೆ ತಿಂದ. ಸೋಯಾ ಹಾಲಿನ ಪನೀರಿನಂಥ ತೋಫುವನ್ನು ಹುಳಿ ಬರಿಸಿ ಕರಿದದ್ದು ಅಂತ ಒಂದಿದೆ. ಅದರ ನಾತಕ್ಕೆ ಬೀದಿಯ ಆ ತುದಿಯಲ್ಲೇ ಮೂಗು ಮುಚ್ಚಿಕೊಳ್ಳಬೇಕು. ಮೊದಲು ಮುಖ ಸಿಂಡರಿಸಿದ ಭೂಪ, ಆಮೇಲೆ ತಟ್ಟೆ ನೆಕ್ಕಿದ!

ಆದರೆ ಪ್ರತಿ ಸಲವೂ ಒಂದೇ ಸಂಕಟ. ರುಚಿ ನಾಲಿಗೆಗೆ ಹತ್ತಿದೊಡನೆ 'ಆಹಾ, ಇದನ್ನು ತಿಂದು ನೋಡಿ' ಅನ್ನಲು ಪಕ್ಕಕ್ಕೆ ತಿರುಗುತ್ತಿದ್ದ. ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ದೇವರೇ, ಜೊತೆಗೆ ಕೂತು ತಿನ್ನಲು ಒಬ್ಬರನ್ನು ಕೊಡಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಆ ಸಂತೆಯಲ್ಲಿ ಜಾಗ ಸಾಲದಿದ್ದರೆ ಗುರುತಿಲ್ಲದವರೂ ಒಂದೇ ಮೇಜಿಗೆ ಕೂರುತ್ತಾರೆ. ಹಾಗೆ ಅವನ ಎದುರಿಗೆ ಒಬ್ಬ ಮುದುಕ ಬಂದು ಕೂತ. ಅವನೂ ಒಬ್ಬನೇ. ಸ್ವಲ್ಪ ಹೊತ್ತು ವ್ಯಾಪಾರಿಯನ್ನು ನೋಡಿದ. ಆಮೇಲೆ ತಾನು ತಿನ್ನುತ್ತಿದ್ದ ಕಡ್ಡಿಗಳಿಂದಲೇ ತನ್ನ ತಟ್ಟೆಯ ದೊಡ್ಡ ಅಣಬೆಯೊಂದನ್ನು ಎತ್ತಿ ಅವನ ಬಟ್ಟಲಿಗೆ ಹಾಕಿ, ತನ್ನ ಭಾಷೆಯಲ್ಲಿ ಏನೋ ಅಂದ.

ವ್ಯಾಪಾರಿ ಬೆಚ್ಚಿ ಹಿಂದೆ ಸರಿದ. ಎಂಜಲು! ಬಾಯಿಗೆ ಹೋಗಿ ಬಂದ ಕಡ್ಡಿ! ನಾತದ ತೋಫು ಚಪ್ಪರಿಸಿದವನಿಗೆ ಇದೊಂದು ಆಗಲಿಲ್ಲ ನೋಡು. ಬಟ್ಟಲನ್ನು ಆಚೆ ಸರಿಸಿಬಿಟ್ಟ. ಮುದುಕ ತಲೆ ತಗ್ಗಿಸಿ ಉಂಡು ಎದ್ದುಹೋದ.

ಅಂಗಡಿಯ ಹೆಂಗಸಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. "ಯಾಕೆ ಬಿಟ್ಟಿರಿ? ನಮ್ಮಲ್ಲಿ ಮನೆಯವರಿಗೆ ಹಾಗೆ ಹಾಕುತ್ತೇವೆ" ಎಂದಳು. "ಹೆಂಡತಿ ಹೋದ ಮೇಲೆ ಆತ ಯಾರಿಗೂ ಹಾಕಿದ್ದು ನಾನು ನೋಡಿಲ್ಲ. ನಿಮಗೆ ಹಾಕುವಾಗ 'ತಿನ್ನಪ್ಪಾ, ಒಬ್ಬನೇ ಇದ್ದೀಯ' ಅಂದ."

ವ್ಯಾಪಾರಿ ಬೀದಿಗೆ ಓಡಿಬಂದ. ಜನವೋ ಜನ. ಮುದುಕ ಕಾಣಲಿಲ್ಲ. ಮರುದಿನ ಸಂಜೆ ಅದೇ ಮೇಜಿಗೆ ಹೋಗಿ ದಾರಿ ಕಾದ. ಎದುರಿನ ಸ್ಟೂಲಿಗೆ ಯಾರನ್ನೂ ಕೂರಗೊಡಲಿಲ್ಲ. ತರಿಸಿಟ್ಟ ತಿಂಡಿ ಆರಿಹೋಯಿತು. ಬೆಳಗ್ಗೆ ವಿಮಾನ ಹತ್ತಬೇಕಿತ್ತು, ಹತ್ತಿದ.

"ಅಯ್ಯೋ ಪಾಪ!" ಎಂದ ಶಂಭುಲಿಂಗ. "ಬೇಡಿದ್ದು ಎದುರಿಗೇ ಬಂದು ಕೂತಿತ್ತಲ್ಲ ಬುದ್ಧಿ! ಎಂಥ ಪೆದ್ದ!"

ಗುರುಗಳು ಅವನನ್ನೇ ನೋಡುತ್ತಾ ಕೇಳಿದರು: "ಅದಿರಲಿ, ದಿನಾ ಮಠದ ಊಟದ ಪಂಕ್ತಿಯಲ್ಲಿ ನಿನ್ನ ಪಕ್ಕ ಕೂತು ಉಣ್ಣುತ್ತಾನಲ್ಲ, ಅವನ ಹೆಸರೇನು?"