ಕರಿಮಟ್ಟಿಯ ಎಂಜಲಹೊಂಡ

ಕರಿಮಟ್ಟಿಯ ಮಿಸ್ಕೀನಶಾ ದರ್ಗಾದ ಹಿಂದೆ ಹೋಗುವವರು ಮೊದಲು ಮೂಗು ಮುಚ್ಚಿಕೊಳ್ಳಬೇಕು. ಕೈಕಾಲು ತೊಳೆಯುವ ಕಟ್ಟೆಯ ಬಚ್ಚಲ ನೀರು ಹೋಗಿ ಬೀಳುವಲ್ಲಿ ಪಾಚಿಗಟ್ಟಿದ ಒಂದು ಹೊಂಡವಿದೆ. ಮೇಲೆ ಕೊಳೆತ ಹೂವು, ಸಕ್ಕರೆಗೆ ಮುತ್ತಿದ ನೊಣ, ಹರಕು ಹಸಿರು ಬಟ್ಟೆ. ಊರವರು ಇದನ್ನು ಎಂಜಲಹೊಂಡ ಎನ್ನುತ್ತಾರೆ. ಆ ಹೆಸರಿಟ್ಟವರು ಯಾರೋ ಹಗೆಗಳಲ್ಲ, ಗುಮ್ಮಟದೊಳಗೆ ಮಲಗಿರುವ ಪೀರರೇ.

ಹಿಂದೆ ಒಮ್ಮೆ, ಸುಲ್ತಾನರ ಕಾಲದಲ್ಲಿ, ಮಿಸ್ಕೀನಶಾ ಇಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ದೇವರನ್ನು ತನ್ನೊಳಗೇ ಹುಡುಕುವ ಜೀವ, ಆದರೆ ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ. ಷರೀಯತ್ತಿನ ಕಟ್ಟಳೆ ಕಡಲೆಯ ಸಿಪ್ಪೆ, ಅನುಭಾವ ಒಳಗಿನ ಕಾಳು, ಸಿಪ್ಪೆಯಿಲ್ಲದೆ ಕಾಳು ಬಲಿಯದೆಂದು ಹೇಳಿಕೊಡುತ್ತಿದ್ದರು. ಊರ ಖಾಜಿ ಬುರ್ಹಾನುದ್ದೀನರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಈ ಫಕೀರ ಅಲ್ಲಾಹುವನ್ನು ಬಿಟ್ಟು ಮನುಷ್ಯನನ್ನು ಪೂಜಿಸಲು ಕಲಿಸುತ್ತಿದ್ದಾನೆಂದು ಮಸೀದಿಯಲ್ಲಿ ಬೈಯುತ್ತಿದ್ದರು. ಪೀರರು ನಕ್ಕುಬಿಡುತ್ತಿದ್ದರು. ನಗಬಾರದಿತ್ತು, ಖಾಜಿ ಹೇಳಿದ್ದು ಅವರ ಹಿತ್ತಲಲ್ಲೇ ನಡೆಯುತ್ತಿತ್ತು. ನಮಾಜಿಗೆ ಮುಂಚೆ ಅವರು ಬಾಯಿ ಮುಕ್ಕಳಿಸಿ, ಮೂಗು ಸೀನಿ, ಕಾಲು ತೊಳೆದ ವಜೂ ನೀರು ಈ ಹೊಂಡಕ್ಕೇ ಹರಿಯುತ್ತಿತ್ತು. ಶಿಷ್ಯ ಗೈಬುಲಾಲ ಅದನ್ನು ಬಟ್ಟಲಲ್ಲಿ ಮೊಗೆದು, ಗುರುವಿಗೆ ತಿಳಿಯದಂತೆ, ರೋಗಿಗಳಿಗೆ ಮದ್ದೆಂದು ಕುಡಿಸತೊಡಗಿದ್ದ. ಕಫ ತೇಲುವ ನೀರು.

ವಾಂತಿಭೇದಿ ಊರು ಹೊಕ್ಕ ವರ್ಷ ನೇಕಾರರ ಮಾಶಾಬಿ ಬಾಡಿದ ಮಗಳನ್ನು ಎತ್ತಿಕೊಂಡು ಬಂದಳು. ಅವಳಿಗಿದ್ದುದು ಅದೊಂದೇ ಕೂಸು. ಗೈಬುಲಾಲ ಕೊಟ್ಟ ಬಟ್ಟಲು ಕೂಸಿನ ತುಟಿಗೆ ತಾಗುವಷ್ಟರಲ್ಲಿ ಪೀರರು ಹೊರಬಂದು ಅವಳ ಕೈ ಹಿಡಿದರು. ವಜೂ ಮಾಡಿದಾಗ ಮನುಷ್ಯನ ಪಾಪಗಳು ಆ ನೀರಿನೊಂದಿಗೆ ಹರಿದುಹೋಗುತ್ತವೆ ಎಂಬುದು ಮಸೀದಿಗೆ ಹೋಗುವ ಮಕ್ಕಳಿಗೂ ಗೊತ್ತಿರುವ ಪಾಠ. ಪೀರರು ಅದನ್ನು ಹೇಳಿದರೂ ಅವಳು ಬಟ್ಟಲು ಬಿಡಲಿಲ್ಲ, ತನ್ನ ಮೇಲೆ ಸಿಟ್ಟಾಗಿ ಮದ್ದು ಕೊಡುತ್ತಿಲ್ಲವೆಂದು ಅತ್ತಳು.

“ನನ್ನ ಪಾಪ ತೊಳದ ನೀರು ಇದು, ನನ್ನವ್ವಾ. ಕೂಸಿಗೆ ಯಾಕ ಕುಡಸ್ತಿ? ನಂದು ನಾನಽ ಕುಡೀತೀನಿ,” ಎಂದು ಪೀರರು ಬಟ್ಟಲು ಕಸಿದು, ಓಕರಿಸುತ್ತಲೇ ಬರಿದು ಮಾಡಿದರು.

ಆಮೇಲೆ ಕೂಸನ್ನೆತ್ತಿಕೊಂಡು ಖಾಜಿಯ ಮನೆಗೆ ನಡೆದರು, ಊರಲ್ಲಿ ತಿಳಿನೀರಿದ್ದುದು ಅವರ ಬಾವಿಯಲ್ಲೇ. ಖಾಜಿ ಬಾಗಿಲು ತೆರೆದು, ಗಂಜಿ ಕಾಯಿಸಲು ಹೇಳಿದರಂತೆ. ಕೂಸು ಉಳಿಯಿತು. ಪೀರರು ಅದೇ ಬೇನೆ ಹತ್ತಿ ತೀರಿಹೋದರು. ಹೋಗುವ ಮುನ್ನ, ಹೊಂಡಕ್ಕೆ ಕಲ್ಲು ತುಂಬಿ, ಯಾರೂ ಮುಟ್ಟದಂತೆ ಎಂಜಲಹೊಂಡವೆಂದು ಕರೆಯಿರಿ ಎಂದಿದ್ದರು. ಅವರ ಅಂತ್ಯಸಂಸ್ಕಾರದ ಜನಾಜಾ ನಮಾಜನ್ನು ಖಾಜಿಯೇ ಮುಂದೆ ನಿಂತು, ಅಳುತ್ತಲೇ ನಡೆಸಿದರು ಎನ್ನುತ್ತಾರೆ.

ಆಗ ತುಂಬಿದ ಕಲ್ಲುಗಳನ್ನು ಗೈಬುಲಾಲನ ವಂಶದವರು ಎಂದೋ ಎತ್ತಿಹಾಕಿದ್ದಾರೆ. ಅವು ಕಟ್ಟೆಯ ಪಕ್ಕದಲ್ಲಿ ಈಗಲೂ ಬಿದ್ದಿವೆ, ಭಕ್ತರು ಅವುಗಳ ಮೇಲೆ ಕೂತು ಹೊಂಡದ ನೀರಿಗಾಗಿ ಸರದಿ ಕಾಯುತ್ತಾರೆ. ಹೋದ ಗುರುವಾರ ಒಬ್ಬ ತಾಯಿ ಜ್ವರದ ಮಗುವಿನೊಂದಿಗೆ ಆ ನೀರಿನ ಬಟ್ಟಲು ಹಿಡಿದು ನಿಂತಿದ್ದಳು. ತಡೆಯಲಾರದೆ ಈ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. ಅವಳು ಕಡೆಯವರೆಗೂ ಭಕ್ತಿಯಿಂದ ಕೇಳಿ, ಬಟ್ಟಲನ್ನು ಕಣ್ಣಿಗೊತ್ತಿಕೊಂಡಳು.

“ಗೊತ್ತೈತ್ರೀ ಅಜ್ಜಾರ. ಪೀರಸಾಹೇಬರು ಕಡೀಕ ಕುಡದ ನೀರು ಇದಽ ಅಲ್ರೀ,” ಎಂದು ಮಗುವಿನ ಬಾಯಿಗೆ ಹಿಡಿದಳು.